ಎಂಟೂವರೆಯ ಹಾಜರಿ

ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿ,
ಮಹಡಿ ಮೇಲೊಂದು ಕೋಣೆ,
ಗೋಡೆಗೆ ಬಿಳಿ ಹಲಗೆ, ಪ್ಲಾಸ್ಟಿಕ್ ಕುರ್ಚಿ, ನಾನು.
ರಾತ್ರಿ ಎಂಟೂವರೆಗೆ ಪಾಠ: ಲೆಕ್ಕಪತ್ರ, ಮೊದಲ ವರ್ಷ.
ಎಂಟು ನಲವತ್ತಕ್ಕೆ ಗಾಡಿ ಬರುತ್ತದೆ.
ಅದು ಹೊರಡುವ ತನಕ ಬಾಯಿ ಮುಚ್ಚಿರುತ್ತೇನೆ.

ಮೊದಲ ವಾರ ಬರೀ ಚೌಕಗಳು.
ಹದಿನೇಳು ಚೌಕ, ಒಳಗೆ ಒಂದೊಂದು ಅಕ್ಷರ.
"ಕೇಳಿಸ್ತಿದೆಯಾ?" ಅಂದರೆ
ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟ ಹಾಗೆ.
ಬಂದದ್ದು ಜಮೆ ಅಂದೆ, ಹೋದದ್ದು ಖರ್ಚು ಅಂದೆ,
ಯಾರೂ ಹೂಂ ಅನ್ನಲಿಲ್ಲ.
ಹೂಂಗುಟ್ಟುವವರಿಲ್ಲದೆ ಕತೆ ಹೇಳಬಾರದು
ಅನ್ನುತ್ತಿದ್ದಳು ನಮ್ಮಜ್ಜಿ.
ಲೆಕ್ಕಕ್ಕೂ ಅದೇ ಮಾತು.

ಆಮೇಲೊಂದು ದಿನ ಫೈರೋಜಾ ಮೈಕು ಮುಚ್ಚಲು ಮರೆತಳು.
ಬೇಲೂರಿನ ಅವಳ ಕುಕ್ಕರು
ಸವಕಳಿಯ ಲೆಕ್ಕದ ನಡುವೆ ಕೂಗಿತು.
ಒಂದು. ಎರಡು.
"ಬೇಳೆಯಾ, ಅನ್ನವಾ?"
ಕೇಳಿದ್ದು ಇಂದ್ರೇಶ,
ಹಾಸನದ ಆಲೂಗಡ್ಡೆ ಮಂಡಿಯಲ್ಲಿ ತೂಕ ಬರೆಯುವವನು,
ಅದುವರೆಗೆ ಒಂದು ಮಾತೂ ಆಡದವನು.
"ಕಡಲೆಕಾಳು."
"ಹಾಗಾದ್ರೆ ಇನ್ನೂ ನಾಕು ಬೇಕು, ಇಳಿಸ್ಬೇಡಿ."
ಎಲ್ಲರೂ ಕೂತು ಎಣಿಸಿದೆವು.
ಸವಕಳಿ ಮರುದಿನಕ್ಕೆ ಹೋಯಿತು.

ಒಂದೊಂದೇ ಕ್ಯಾಮೆರಾ ತೆರೆಯಿತು.
ಸಕಲೇಶಪುರದ ಮರಿಯಾ ಗೊರೆಟ್ಟಿಯ ಹಿಂದೆ ಆಸ್ಪತ್ರೆಯ ಹಸಿರು ಪರದೆ,
ಇಂದ್ರೇಶನ ಹಿಂದೆ ಗೋಣಿಚೀಲ, ಚೀಲದ ಮೇಲೆ ಬೆಕ್ಕು.
ಮೂಡಿಗೆರೆಯ ಧರ್ಮಪಾಲನಿಗೆ
ಸಿಗ್ನಲ್ ಸಿಗುವುದು ಬಸ್ ಸ್ಟ್ಯಾಂಡಿನಲ್ಲಿ ಮಾತ್ರ.
ಅಲ್ಲಿನ ನಾಯಿಗಳೂ ನಮ್ಮ ಕೋರ್ಸಿಗೆ ಸೇರಿದಂತಾಯಿತು.
"ಮೇಡಂ, ಇವತ್ತು ನಿಮ್ಮ ಗಾಡಿ ಲೇಟು"
ಎನ್ನುತ್ತಾಳೆ ಮರಿಯಾ, ಗಡಿಯಾರ ನೋಡಿ.

ಒಬ್ಬರದು ಮಾತ್ರ ಹೆಸರಿರಲಿಲ್ಲ.
ಫೋನಿನ ಹೆಸರೇ ಹೆಸರು: ರೆಡ್ಮಿ ನೈನ್.
ಮುಖವಿಲ್ಲ, ದನಿಯಿಲ್ಲ.
ಹಾಜರಿ ಕೂಗಿದರೆ ಹಳದಿ ಕೈಯೊಂದು
ಎದ್ದು, ಇಳಿಯುತ್ತದೆ.
"ರೆಡ್ಮಿಯವರೇ" ಅನ್ನುತ್ತಿದ್ದೆವು,
ಬೀಗರ ಕಡೆಯವರನ್ನು ಕರೆದಂತೆ.
ಪಟ್ಟಿಯಲ್ಲಿ ಹುಡುಕಬಹುದಿತ್ತು, ಹುಡುಕಲಿಲ್ಲ.
ಹೇಳುವಾಗ ಹೇಳಲಿ ಎಂದು ಕಾಯುವುದೂ ಒಂದು ಮರ್ಯಾದೆ.

ಫೆಬ್ರವರಿಯ ಸೋಮವಾರ ಆ ಕೈ ಏಳಲಿಲ್ಲ.
ಮಂಗಳವಾರವೂ.
ಗಾಡಿ ಹೋದ ಮೇಲೂ ಯಾರೂ ಪುಟ ತಿರುವಲಿಲ್ಲ.
ಬುಧವಾರ ಫೈರೋಜಾ ಅಂದಳು,
"ಕರೆನ್ಸಿ ಖಾಲಿಯಾಗಿರಬೇಕು ಕಣ್ರೀ, ತಿಂಗಳ ಕೊನೆ."
ಆಗ ಪಟ್ಟಿ ತೆಗೆದೆ.
ಗೊತ್ತಿದ್ದವರನ್ನೆಲ್ಲ ಹೊಡೆದು ಹಾಕಿದರೆ ಉಳಿದದ್ದು ಒಂದೇ ಸಾಲು:
ದೇವೀರಮ್ಮ, ಬೀರೂರು, ಐವತ್ತೊಂದು.
ಉದ್ಯೋಗದ ಜಾಗ ಖಾಲಿ.
ಹೆಸರು ಹೇಳಲಿಲ್ಲ. ಮೊತ್ತ ಹೇಳಿದೆ.
ನೂರ ಎಪ್ಪತ್ತೊಂಬತ್ತು ರೂಪಾಯಿ,
ಅವರು ಹದಿನಾರು, ನಾನೊಬ್ಬಳು,
ತಲೆಗೆ ಹತ್ತು ರೂಪಾಯಿ ಐವತ್ತಮೂರು ಪೈಸೆ.
ಆ ಪೈಸೆಗಾಗಿ ಕಾಲು ಗಂಟೆ ಜಗಳ.
ಅಷ್ಟು ಉಮೇದಿನಲ್ಲಿ ಅವರು ಯಾವ ಲೆಕ್ಕವನ್ನೂ ಮಾಡಿರಲಿಲ್ಲ.

ಗುರುವಾರ ಹಳದಿ ಕೈ ಎದ್ದಿತು.
ಯಾರೂ ಏನೂ ಕೇಳಲಿಲ್ಲ. ಧರ್ಮಪಾಲ ಕೆಮ್ಮಿದ.
ಒಂಬತ್ತೂ ಇಪ್ಪತ್ತಕ್ಕೆ, ಪಾಠ ಮುಗಿಯುವ ಹೊತ್ತಿಗೆ,
ರೆಡ್ಮಿಯ ಮೈಕು ತೆರೆಯಿತು.
ಮೊದಲು ಬಂದದ್ದು ಮಾತಲ್ಲ, ಗಾಡಿ.
ನನ್ನ ಕಿಟಕಿಯನ್ನು ನಲವತ್ತು ನಿಮಿಷದ ಹಿಂದೆ ಅದುರಿಸಿದ ಅದೇ ಗಾಡಿ
ಈಗ ಅವಳ ಮನೆಯ ಪಾತ್ರೆಗಳನ್ನು ಅದುರಿಸುತ್ತ
ಬೀರೂರು ದಾಟುತ್ತಿತ್ತು.
ಅದು ಹೋಗುವ ತನಕ
ಎಲ್ಲರೂ ಬಾಯಿ ಮುಚ್ಚಿ ಕೂತೆವು.

ಆಮೇಲೆ, ಗಂಟಲು ಸರಿಮಾಡಿಕೊಂಡು,
"ಮೇಡಂ, ಆ ನೂರ ಎಪ್ಪತ್ತೊಂಬತ್ತನ್ನ
ಯಾವ ಖಾತೆಗೆ ಬರ್ಕೊಳ್ಲಿ?
ಸಾಲ ಅಂತ ಬರೆದ್ರೆ ನೀವು ಒಪ್ಪಲ್ಲ,
ದಾನ ಅಂತ ಬರೆದ್ರೆ ನಾನು ಒಪ್ಪಲ್ಲ."

ಹಲಗೆಯ ಕಡೆ ತಿರುಗಿ ಬಹಳ ಹೊತ್ತು ನಿಂತೆ.
ಬೇಲೂರಿನಲ್ಲಿ ಕುಕ್ಕರು ಕೂಗಿತು.
"ನಾಳೆ ನೋಡೋಣ" ಅಂದೆ.
ಸವಕಳಿಯೂ ಹಾಗೇ ಉಳಿದಿದೆ.