ಪರದೆಯ ಮೇಲಿನ ಹಲ್ಲು

ಸಿನೆಮಾ ಹೇಗಿತ್ತು ಅಂತ ನನ್ನನ್ನು ಕೇಳಬೇಡಿ.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಗಲ್ಲಿಯಲ್ಲಿ
ಹತ್ತೊಂಬತ್ತು ವರ್ಷದಿಂದ ಕಟ್ಟುಹಲ್ಲು ಮಾಡುವವಳು ನಾನು.
ನಾಯಕ ಬಾಯಿ ತೆರೆದರೆ ಮಾತು ಕೇಳಿಸುವುದಿಲ್ಲ,
ಮೇಲಿನ ಸಾಲು ಕಾಣಿಸುತ್ತದೆ.

ಭಾನುವಾರ, ಗಿರಾಕಿ ಇಲ್ಲದ ಹೊತ್ತು,
ಯಾರದೋ ದವಡೆಯ ಅಚ್ಚಿಗೆ ಫೋನು ಒರಗಿಸಿ
ಕೈಯಲ್ಲಿ ಅರ ಹಿಡಿದೇ ನೋಡುತ್ತೇನೆ. ಪಕ್ಕದಲ್ಲಿ ಅನ್ಸಾರ,
ಕೆಲಸ ಕಲಿಯಲು ಬಂದ ಹುಡುಗ.
ಹಾಡು ಬಂದರೆ ಮುಂದಕ್ಕೆ ಓಡಿಸುತ್ತಾನೆ,
ಅಳು ಬಂದರೆ ಹಿಂದಕ್ಕೆ ತಂದು ಇನ್ನೊಮ್ಮೆ ಅಳುತ್ತಾನೆ.

ಮೊನ್ನೆ ಒಂದು ಮಾಯಾಲೋಕದ್ದು.
ಮೋಡದೊಳಗೆ ಬಾಗಿಲು, ಬಾಗಿಲೊಳಗೆ ಅರಮನೆ.
ಕಕ್ಕಡದಲ್ಲಿ ಮಾಲೆತಿರಿಕೆ ಬೆಟ್ಟ ಇಳಿದ ಮೋಡ
ದಿನಾ ನಮ್ಮ ಕಿಟಕಿಯಿಂದಲೇ ಒಳಗೆ ಬರುತ್ತದೆ,
ಹೊಸ ಅಚ್ಚುಗಳಿಗೆ ಬೂಷ್ಟು ಹಿಡಿಸಿ ಹೋಗುತ್ತದೆ.
ಆಮೇಲೆ ರೆಕ್ಕೆಯ ಹಾವು, ಬೆಂಕಿ ಉಗುಳುವಂಥದು,
ಬಾಯಿ ತೆರೆಯಿತು. ನಿಲ್ಲಿಸು ಅಂದೆ. ಎಣಿಸಿದೆ.
ಎಡಕ್ಕೆ ನಲವತ್ತೊಂದು, ಬಲಕ್ಕೆ ಮೂವತ್ತೆಂಟು,
ಒಂದಕ್ಕೂ ಸವೆತವಿಲ್ಲ.
ಏಳುನೂರು ವರ್ಷ ಏನು ತಿಂದಿತು ಇದು, ಪಾಯಸವಾ?
ಅಕ್ಕಾ, ಸ್ವಲ್ಪ ನಂಬಿ ನೋಡಿ, ಅಂದ ಅನ್ಸಾರ.
ನಂಬಿದೆ. ಹತ್ತು ನಿಮಿಷ ನಂಬಿದೆ.
ಅಷ್ಟರಲ್ಲಿ ರಾಜಕುಮಾರ ಕತ್ತಿ ಹಿರಿದು ಭಾಷಣಕ್ಕೆ ನಿಂತ.
ಅಮ್ಮತ್ತಿ ದಾರಿಯಲ್ಲಿ ಆನೆ ಅಡ್ಡ ನಿಂತರೆ
ನಮ್ಮ ಬಸ್ಸು ದೀಪ ಆರಿಸಿ ಸುಮ್ಮನಿರುತ್ತದೆ.
ಕಂಡಕ್ಟರ್ ಚಿಲ್ಲರೆ ಕುಲುಕುವುದಿಲ್ಲ.
ಮಗುವಿನ ಬಾಯಿಯ ಮೇಲೆ ಯಾರದೋ ಅಂಗೈ.
ಅದರ ಮುಂದೆ ಭಾಷಣ ಮಾಡಿದವರನ್ನು ನಾನು ಕಂಡಿಲ್ಲ.

ಸಂಸಾರದ ಸಿನೆಮಾ ಇನ್ನೂ ಕಷ್ಟ.
ಹದಿನಾಲ್ಕು ಜನ ಒಂದೇ ಸೋಫಾದ ಸುತ್ತ,
ಅಜ್ಜನಿಂದ ಅಡುಗೆಯವನವರೆಗೆ ಒಂದೇ ಬಿಳಿ,
ಒಂದೇ ಡಬ್ಬಿಯ ಪುಡಿ ಕಲಸಿ ಎರಕ ಹೊಯ್ದ ಹಾಗೆ.
ನಮ್ಮ ಮಾವ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಗಿರಣಿಯಂತೆ.
ನಾದಿನಿ ಬೊಳ್ಳವ್ವ ನಕ್ಕರೆ ಬಾಯಿಗೆ ಸೆರಗು ಅಡ್ಡ.
ನನ್ನವರ ಮುಂದಿನ ಹಲ್ಲು ಹಾಕಿ ಪಂದ್ಯದಲ್ಲಿ ಅರ್ಧ ಹೋಯಿತು;
ಕಟ್ಟಿಕೊಡುತ್ತೇನೆಂದರೆ ಬೇಡವಂತೆ,
ಗೆದ್ದದ್ದಕ್ಕೆ ಅದೊಂದೇ ಸಾಕ್ಷಿಯಂತೆ.
ಕೊನೆಗೆ ಅಪ್ಪ ಮಗನನ್ನು ಎರಡೇ ನಿಮಿಷದಲ್ಲಿ ಕ್ಷಮಿಸಿದ.
ನಮ್ಮಲ್ಲಿ ಅದಕ್ಕೆ ಮೂರು ಮದುವೆ ದಾಟಬೇಕು,
ನಾಲ್ಕನೆಯದರಲ್ಲಿ ಪಂದಿಕರಿ ಬಡಿಸುತ್ತ
'ಇನ್ನೊಂದು ತುಂಡು ಹಾಕಲಾ?' ಅಂದರೆ
ಕ್ಷಮಿಸಿದ್ದಾರೆ ಅಂತ ತಿಳಿಯಬೇಕು.

ಮೂರನೆಯದರ ಹೆಸರು ಮರೆತಿದೆ.
ಕತ್ತಲು ಕತ್ತಲು ಚಿತ್ರ, ಯಾರೂ ಹೆಚ್ಚು ಮಾತಾಡದ್ದು.
ಅನ್ಸಾರ ಆಕಳಿಸಿ ನೆಲಗಡಲೆ ತರಲು ಹೋದ.
ಒಬ್ಬಳು ಮುದುಕಿ ಮಂಚದ ಅಂಚಿಗೆ ಕೂತು
ಹಲ್ಲಿನ ಸೆಟ್ಟು ತೆಗೆದು ಸ್ಟೀಲ್ ಲೋಟದ ನೀರಿಗೆ ಬಿಟ್ಟಳು.
ಟಿಣ್ ಅಂತು. ಬಸಿ ಮುಚ್ಚಿದಳು.
ಸಂಗೀತವಿಲ್ಲ. ಅಷ್ಟೇ.
ಒಸಡಿನ ಬಣ್ಣ ತೀರಾ ಕೆಂಪು, ಕೆಟ್ಟ ಕೆಲಸ, ಅಂದುಕೊಳ್ಳುತ್ತಲೇ
ಕೈಯ ಅರ ಕೆಳಗಿಟ್ಟೆ.

ನಮ್ಮವ್ವನ ಸೆಟ್ಟು ನಾನೇ ಮಾಡಿದ್ದು.
ಚುಚ್ಚುತ್ತದಾ ಅವ್ವ? ಇಲ್ಲ ಮಗಳೇ.
ಅಗಿಯಲು ಬರುತ್ತದಾ? ಒಣಗಿದ ಅಕ್ಕಿರೊಟ್ಟಿ ಕೂಡ.
ನಾನು ಹೋದಾಗಲೆಲ್ಲ ಬಾಗಿಲಲ್ಲೇ ಆ ನಗು.
ಅವಳು ತೀರಿದ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿತು,
ಹಳೆಯ ತಲೆವಸ್ತ್ರದ ತುಂಡಿನಲ್ಲಿ ಸುತ್ತಿಟ್ಟದ್ದು.
ಕೆಳಸಾಲಿನ ಒಳಬದಿ, ಎಡಕ್ಕೆ,
ಬೆರಳಿಗೆ ತಾಗಿತೊಂದು ಮೊನೆ,
ನಾನು ಉಜ್ಜಲು ಮರೆತದ್ದು.
ದವಡೆ ಹಲ್ಲು ಮಾಡಿಕೊಟ್ಟ ದಿನದಂತೆಯೇ ಇತ್ತು,
ಒಂದಕ್ಕೂ ಸವೆತವಿಲ್ಲ.

ಕಡಲೆ ಪೊಟ್ಟಣ ಹಿಡಿದು ಬಂದ ಅನ್ಸಾರ,
ಏನಾಯಿತು ಅಕ್ಕಾ, ಯಾರು ಸತ್ತರು?
ಯಾರೂ ಸಾಯಲಿಲ್ಲ ಮಾರಾಯ,
ಸ್ವಲ್ಪ ಹಿಂದಕ್ಕೆ ಓಡಿಸು,
ಆ ಲೋಟದವರೆಗೆ.