ಬಲಗಡೆ, ಕೆಳಮೂಲೆ

ಆ ಬೆಟ್ಟವನ್ನು ನಾನು ಹತ್ತಿದವನಲ್ಲ,
ತೊಳೆದವನು.

ಇಪ್ಪತ್ತೆರಡು ಬೇಸಿಗೆ, ಮಕಾರ್ಸ್ಕದ ಈ ನೆಲಮಾಳಿಗೆಯಲ್ಲಿ
ಕೆಂಪು ದೀಪದಡಿ, ತಟ್ಟೆಯಿಂದ ತಟ್ಟೆಗೆ ಜಾರಿಸಿ
ಬಿಯೊಕೊವೊದ ನೆತ್ತಿಯನ್ನು ನೀರಿನಿಂದ ಎತ್ತಿದ್ದೇನೆ,
ಎರಡು ಮೂಲೆ ಹಿಡಿದು, ಮಿಂದ ಕೂಸಿನ ಹಾಗೆ.
ಎಡಮೊಣಕಾಲು ಹಡಗುಕಟ್ಟೆಯಲ್ಲೇ ಉಳಿಯಿತು ನನ್ನದು.
ಆ ಕತೆ ಬೇರೆ.

ಹತ್ತುವವಳು ಪೆರೀನಾ.
ಆಗಸ್ಟ್ ಕೊನೆಗೆ, ಬುರಾ ಗಾಳಿ ಆಕಾಶ ಉಜ್ಜಿಟ್ಟ ಮರುದಿನ,
ಬೆನ್ನಿಗೆ ಮರದ ಕ್ಯಾಮೆರಾ, ಅದರ ಕಾಲಿಗೆ ಭಾರ ಕಟ್ಟಲು ಗೋಣಿಚೀಲ
(ಕಲ್ಲು ಮೇಲೆಯೇ ಸಿಗುತ್ತದೆ, ಅಲ್ಲಿ ಧಾರಾಳ ಅದೊಂದೇ),
ಈರುಳ್ಳಿ, ಒಂದು ತುಂಡು ಕುರಿಗಿಣ್ಣು, ಎಂಟು ಹಾಳೆ ಫಿಲ್ಮು.
ಬಂಡೆಯಲ್ಲಿ ಮೂರು ಕುಳಿ ಕೊರೆದಿಟ್ಟಿದ್ದಾಳೆ
ಕ್ಯಾಮೆರಾದ ಮೂರು ಪಾದಕ್ಕೆ.
ವರ್ಷಕ್ಕೊಮ್ಮೆ, ಅದೇ ಜಾಗ, ಅದೇ ಚೌಕಟ್ಟು.

ಮಸೂರಕ್ಕೆ ಕೆಂಪು ಗಾಜು ಹಾಕಿದರೆ
ನಡುಹಗಲಲ್ಲೇ ಆಕಾಶಕ್ಕೆ ಅಮಾವಾಸ್ಯೆ.
ಕೆಳಗೆ ಕಡಲು, ಎಣ್ಣೆ ಸವರಿದ ಕಾವಲಿ;
ಬ್ರಾಚ್, ಹ್ವಾರ್ ದ್ವೀಪಗಳು ಅದರ ಮೇಲೆ
ಮಗುಚಲು ಮರೆತ ಮೀನು.
ಒಮ್ಮೆ ಕೇಳಿದ್ದೆ, ಮೇಲಿನಿಂದ ಕಡಲು ನಿಜಕ್ಕೂ ಯಾವ ಬಣ್ಣ?
"ನೀನೇ ಹೇಳಬೇಕು," ಅಂದಳು,
"ನಾನು ಕಪ್ಪು ಬಟ್ಟೆಯೊಳಗಿರುತ್ತೇನೆ."

ಮನುಷ್ಯರು ಬೇಡ ಅವಳ ಚಿತ್ರಕ್ಕೆ.
ಪ್ರವಾಸಿಯೊಬ್ಬನ ಟೋಪಿ ಅಂಚಿಗೆ ಬಂದರೂ
ಅವನು ಇಳಿದುಹೋಗುವ ತನಕ ಕೂರುತ್ತಾಳೆ
ಈರುಳ್ಳಿ ಕಚ್ಚುತ್ತ.

ಇಲ್ಲಿ ನಾನು,
ಬಂಡೆಗೆ ಅಂಗೈ ಅಡ್ಡ ಹಿಡಿದು, ಕಡಲಿಗೆ ಕ್ಷಣ ಹೆಚ್ಚು ಬೆಳಕು ಬಡಿಸಿ,
ಬೂದಿ, ಸೀಸ, ಪಾರಿವಾಳದ ಕತ್ತು, ಒದ್ದೆ ಇದ್ದಿಲು:
ಬೂದುಬಣ್ಣಕ್ಕೆ ನನ್ನ ಬಳಿ ಹನ್ನೊಂದು ಹೆಸರು.
ಹೆಂಡತಿಯನ್ನು ಕರೆದದ್ದು ಒಂದೇ ಹೆಸರಲ್ಲಿ.

ಒಣಗಿದ ಮೇಲೆ, ಮೂರು ಕೂದಲಿನ ಕುಂಚ.
ಧೂಳು ಬಿಟ್ಟ ಬಿಳಿಚುಕ್ಕೆಗಳಿಗೆ ಉಸಿರು ಬಿಗಿಹಿಡಿದು ಮಸಿ ತುಂಬುತ್ತೇನೆ.
ಬಲಗಡೆ ಕೆಳಮೂಲೆಯಲ್ಲಿ ಒಂದು, ಎಳ್ಳಿಗಿಂತ ಸಣ್ಣದು.
ಪ್ರತಿ ವರ್ಷ.
ಪ್ರತಿ ವರ್ಷ ಬೈದುಕೊಂಡೇ ಮುಚ್ಚಿದೆ.

ಹೋದ ಚಳಿಗಾಲ ಕೆಲಸವಿರಲಿಲ್ಲ.
ಹಳೆಯ ನೆಗೆಟಿವುಗಳನ್ನು ಎರಡೆರಡು ಜೋಡಿಸಿ ಬೆಳಕಿಗೆ ಹಿಡಿದೆ.
ಮೋಡ ಮೋಡಕ್ಕೆ ಹೊಂದಲಿಲ್ಲ,
ಹಡಗು ಹಡಗಿಗೆ ಹೊಂದಲಿಲ್ಲ,
ಚುಕ್ಕೆ ಚುಕ್ಕೆಯ ಮೇಲೆಯೇ ಕೂತಿತು.

ಧೂಳಿಗೆ ವಿಳಾಸ ಇರುವುದಿಲ್ಲ.

ಪೆರೀನಾ ಕನ್ನಡಕ ಹಣೆಗೇರಿಸಿದಳು.
"ಅದು ಹಿಮದ ಗುಂಡಿ, ಯೆರ್ಕೊ.
ಅಜ್ಜ ಅದರೊಳಗೆ ಇಳಿಯುತ್ತಿದ್ದ, ಸೊಂಟಕ್ಕೆ ಹಗ್ಗ.
ಗಡ್ಡೆ ಕೊಯ್ದು, ಸೊಪ್ಪು ಸುತ್ತಿ, ಗೋಣಿ ಹೊದಿಸಿ
ರಾತ್ರೋರಾತ್ರಿ ಬಂದರಿಗೆ ಹೊರುತ್ತಿದ್ದ,
ಯಾರದೋ ಶರಬತ್ತಿಗೆ.
ಹೊರಟಾಗ ಅರವತ್ತು ಕಿಲೊ, ಮುಟ್ಟಿದಾಗ ಮೂವತ್ತು.
ಉಳಿದದ್ದನ್ನು ಅವನ ಬೆನ್ನು ಕುಡಿಯಿತು.
ಕ್ಯಾಮೆರಾದ ಗಾಜಿನಲ್ಲಿ ಕಾಣುತ್ತದೆ ನನಗೆ, ತಲೆಕೆಳಗಾಗಿ.
ನೀನು ಕೊಟ್ಟ ಕಾಗದದಲ್ಲಿ ಕಂಡದ್ದೇ ಇಲ್ಲ.
ಅಷ್ಟು ಸಣ್ಣದನ್ನು ಕಾಗದ ಹಿಡಿಯಲಾರದು
ಅಂದುಕೊಂಡಿದ್ದೆ."

ನಾನು ಬಾಯಿ ಬಿಡಲಿಲ್ಲ.
ಕುಂಚ ತೊಳೆದೆ. ತೊಳೆದ ಕುಂಚವನ್ನೇ ಮತ್ತೆ ತೊಳೆದೆ.

ಈ ವರ್ಷದ ಹಾಳೆ ನಿನ್ನೆ ಬಂತು.
ದೊಡ್ಡದು ಮಾಡಿದೆ, ಇನ್ನೂ ದೊಡ್ಡದು,
ಬಲಗಡೆ ಕೆಳಮೂಲೆಯೊಂದೇ ಗೋಡೆ ತುಂಬುವಷ್ಟು.
ಸುಣ್ಣಗಲ್ಲಿನ ಬಾಯಿ ತೆರೆದಿದೆ.
ಒಳಗೆ ಕಪ್ಪು.
ಜೂನ್ ಹುಟ್ಟುವ ಮೊದಲೇ ಶುರುವಾಗಿತ್ತಲ್ಲ ಆ ಸೆಕೆ.

ಬಿಳುಪು ತರುವ ಮದ್ದು ಕಪಾಟಿನಲ್ಲಿದೆ.
ಹಲ್ಲುಕಡ್ಡಿಯ ತುದಿಗೆ ಒಂದು ಹನಿ, ಅಷ್ಟೇ ಸಾಕು.
ಇಪ್ಪತ್ತೆರಡು ಸಲ ಮುಚ್ಚಿದವನು
ಒಂದು ಸಲ ಬಿಡಿಸಿದರೆ ತಪ್ಪೇ?

ಆದರೆ ಬಟ್ಟೆಯೊಳಗೆ ತಲೆಯಿಟ್ಟು ಮೊದಲು ನೋಡಿದವಳು ಅವಳು.
ಖಾಲಿ ಗುಂಡಿಯನ್ನು ಕಂಡೇ
ಗುಂಡಿ ಒತ್ತಿರಬೇಕು.

ನಾಳೆ ಹತ್ತಕ್ಕೆ ಬರುತ್ತಾಳೆ.
ನಲ್ಲಿಯ ಕೆಳಗೆ ಬೆಟ್ಟ ಇನ್ನೂ ತೇಲುತ್ತಿದೆ,
ತಟ್ಟೆಯ ಅಂಚಿಗೆ ಮೆಲ್ಲಗೆ
ತಾಗಿ, ತಿರುಗಿ.