ಓರೆಯಾಗಿ ನೆಡಬೇಕು

ರಟ್ಟಿನ ಪೆಟ್ಟಿಗೆ ಹನ್ನೊಂದು
ಎನ್ಸೆನಾದಾ ಬಂದರಿನಿಂದ
ಮೀನುಗಾರರ ಸಂಘದ ದೋಣಿಯಲ್ಲಿ ವಾಪಸು ಬಂದಿವೆ.
ಮೇಲೆ ಸುಂಕದವರ ಮೊಹರು. ಒಳಗೆ
ಹಳೆಯ ಫುಟ್‌ಬಾಲ್ ಸುದ್ದಿಯಲ್ಲಿ ಸುತ್ತಿಟ್ಟ
ನಮ್ಮ ಸೆಡ್ರೋಸ್ ದ್ವೀಪದ ಬಂಡೆಮಕ್ಕಳು.

ಸಿಯೆಂಪ್ರೆವೀವಾ ಅನ್ನುತ್ತೇವೆ ನಾವು,
ಎಂದೆಂದೂ ಬದುಕಿರುವವಳು.
ಹೆಸರಿಟ್ಟವರು ಗೋಣಿಚೀಲ ಕಂಡಿರಲಿಲ್ಲ.

ಎಲೆ ಅಂದರೆ ಎಲೆಯಲ್ಲ, ದಪ್ಪ ದಪ್ಪ ಬೆರಳು,
ಸುತ್ತು ಕಟ್ಟಿ ಕೂತಿರುತ್ತವೆ ಪ್ರಪಾತದ ಅಂಚಿನಲ್ಲಿ
ಹಿಟ್ಟು ಮೆತ್ತಿಕೊಂಡು;
ಬಾಗಿಲು ಬಡಿದರು ಅಂತ
ರೊಟ್ಟಿ ತಟ್ಟುವುದನ್ನು ಅರ್ಧಕ್ಕೇ ಬಿಟ್ಟು ಬಂದ
ಅಮ್ಮನ ಕೈಯ ಹಾಗೆ.
ಆ ಹಿಟ್ಟೇ ಕೊಡೆ ಬಿಸಿಲಿಗೆ, ಅದೇ ಸೆರಗು ಉಪ್ಪುಗಾಳಿಗೆ.
ಒಮ್ಮೆ ಒರೆಸಿತೋ, ಆ ಎಲೆಗೆ ಮತ್ತೆ ಬರುವುದಿಲ್ಲ.
ಮುಟ್ಟಿದವನ ಗುರುತು
ಎಲೆ ಉದುರುವ ತನಕ.

ನನ್ನ ಹೆಬ್ಬೆರಳಿನಲ್ಲಿ ಒಂದು ಗೀರಿದೆ.
ಅಬಲೋನಿ ಚಿಪ್ಪು ಎಬ್ಬಿಸುವ ಕಬ್ಬಿಣ ಜಾರಿ ಆದದ್ದು,
ಹದಿನೇಳನೇ ವಯಸ್ಸಿನಲ್ಲಿ, ಹನ್ನೆರಡು ಆಳು ಆಳದಲ್ಲಿ.
ನಾಲ್ಕನೇ ಪೆಟ್ಟಿಗೆಯ ಒಂದು ಗಿಡದಲ್ಲಿ
ಅದೇ ಗೀರು ಕಂಡೆ.

ಆ ವರ್ಷ ಕಡಲು ಬೆಚ್ಚಗಾಗಿತ್ತು.
ಚಿಪ್ಪುಗಳು ಬಂಡೆಯ ಮೇಲೇ ಒಣಗಿ ಸೊರಗಿದ್ದವು.
ಸಂಘ ಬೀಗ ಹಾಕಿತು.
ಆಗ ಬಂದನಲ್ಲ, ಹೊಸ ಬೂಟಿನವನು,
ದೋಣಿಯ ಮೂತಿಯ ಮೇಲೆ ನೋಟು ಎಣಿಸಿಟ್ಟ.
ದೂರದ ಊರುಗಳಲ್ಲಿ ಕಿಟಕಿಗಿಡಲು ಬೇಕಂತೆ.
ಚೆಲುವೆಯಂತೆ. ಗಿಡಕ್ಕಿಷ್ಟು, ದುಂಡಗಿದ್ದರೆ ಇನ್ನಷ್ಟು.
ನಾನು, ನನ್ನ ಷಡ್ಡಕ ಟೋರಿಬಿಯೋ,
ಎರಡು ರಾತ್ರಿ, ಒಂದು ಹಗ್ಗ, ಮಗಳ ಟಾರ್ಚು.
ಬೇರು ಬಿಡುವಾಗ ಒಂದು ಸದ್ದು ಬರುತ್ತದೆ.
ಹಲ್ಲು ಕೀಳಿಸಿಕೊಂಡವರಿಗೆ ಗೊತ್ತು,
ಹೊರಗಿನವರಿಗೆ ಕೇಳುವುದಿಲ್ಲ ಅದು.

ಓಬ್ದೂಲಿಯಾ ಗಿಡಗಳ ಪಂಡಿತೆ, ಗಡಸು ಗಂಟಲು.
ಮಂಡಿಯೂರಿ ತೋರಿಸುತ್ತಾಳೆ:
‘ನೆಟ್ಟಗೆ ನೆಟ್ಟರೆ ಕೊಳೆಯುತ್ತದೆ, ಫಿಡೆನ್ಸಿಯೋ.
ಓರೆಯಾಗಿ ಇಡು. ಬಿದ್ದ ನೀರು
ಮಡಿಲಲ್ಲಿ ನಿಲ್ಲದೆ ಇಳಿದು ಹೋಗಲಿ.
ಇದಕ್ಕೆ ಮಂಜು ಸಾಕು.
ಬೇಸಿಗೆಯಲ್ಲಿ ಮಲಗುತ್ತದೆ, ಸುಕ್ಕಾಗಿ.
ಪಾಪ, ಬಾಡಿತು ಅಂತ ನೀರು ಹೊಯ್ಯುತ್ತಾರಲ್ಲ ಕೊಂಡವರು,
ಆ ಅಕ್ಕರೆಗೇ ಸಾಯುತ್ತದೆ.’

ಮಾತಾಡದೆ ನೆಡುತ್ತ ಹೋದೆ.
ಮೇಲೆ ಪೈನ್ ಮರಗಳಲ್ಲಿ ಮಂಜು ಸೋಸುತ್ತಿತ್ತು,
ಕೆಳಗೆ ಸೀಲುಗಳ ಜಗಳ.
ಕೆಲವು ಪೆಟ್ಟಿಗೆಯಲ್ಲಿ ಬರೀ ಲೋಳೆ, ವಾಸನೆ.
ಅವನ್ನೂ ಆಕೆ ಎಣಿಸಿದಳು, ಹೆಸರಿಲ್ಲದ ಹೆಣ ಎಣಿಸುವ ಹಾಗೆ,
ಪುಸ್ತಕದ ಎಡಗಡೆ.

ಗೀರಿನ ಗಿಡ ಕೊನೆಗಿಟ್ಟುಕೊಂಡಿದ್ದೆ.
ಹಗ್ಗ ಸಡಿಲಿಸಿ ಮೂರಾಳು ಇಳಿದು
ಕೆಂಪು ಕಲ್ಲಿನ ಸಂದಿಗೆ ಬೇರು ತೂರಿಸಿದೆ.
ಕೂತಿತು. ಒಂದೆಳೆ ಅತ್ತಿತ್ತ ಇಲ್ಲ.
ಒಸಡಿಗೆ ಹಲ್ಲು ಮರಳಿದ ಹಾಗೆ.

ಮೇಲಿನಿಂದ ಓಬ್ದೂಲಿಯಾ ಕೂಗಿದಳು:
‘ಆ ಸಂದಿ ನಿನಗೆ ಹೇಗೆ ಗೊತ್ತು?’

ಗಾಳಿ ಇತ್ತು. ಕೇಳಿಸಲಿಲ್ಲ ಅನ್ನಬಹುದಿತ್ತು.
ಹಗ್ಗ ನನ್ನ ಸೊಂಟದಲ್ಲಿ,
ಅದರ ಇನ್ನೊಂದು ತುದಿ ಆಕೆಯ ಕೈಯಲ್ಲಿ.
ಗಿಡದ ಗೀರಿನ ಮೇಲೆ ಹೆಬ್ಬೆರಳಿಟ್ಟೆ,
ಒತ್ತದೆ, ಬರೀ ಅಳತೆಗೆ.

‘ಗೊತ್ತು’ ಅಂದೆ.

ತುಸು ಹೊತ್ತು ಏನೂ ಇಲ್ಲ. ಸೀಲುಗಳೂ ಸುಮ್ಮನಿದ್ದವು.
ಆಮೇಲೆ ಹಗ್ಗ ಬಿಗಿಯಾಯಿತು,
ಮೇಲಕ್ಕೆ.